ಬೇಲೆಕೇರಿ ಕಡೆಯ ಅಕ್ಕನ ಪ್ರಶ್ನೆ: ಅಂಗವಿಕಲರಿಗೆ 5 ಲಕ್ಷ ಫ್ರೀ ಗ್ರಾಂಟ್ ಇದೆಯಂತೆ, ಹೌದಾ?

ಪ್ರಶ್ನೆ: ನಮ್ಮದು ಅಂಕೋಲಾ ತಾಲೂಕು, ಬೇಲೆಕೇರಿ ಹತ್ರ. ನನಗೆ ಚಿಕ್ಕವಳಿದ್ದಾಗ ಪೋಲಿಯೋ ಆಗಿ ಬಲಗಾಲಲ್ಲಿ ಶಕ್ತಿ ಇಲ್ಲ, ಮನೇಲೇ ಹೊಲಿಗೆ ಮಾಡ್ತೀನಿ. ತಮ್ಮನಿಗೆ 27 ವರ್ಷ, ಹುಟ್ಟಿನಿಂದ ಕಿವಿ ಕೇಳಲ್ಲ, ಮಾತು ಬರಲ್ಲ. ಆರು ವರ್ಷದಿಂದ ಬೋಟ್ ಎಂಜಿನ್ ರಿಪೇರಿ ಮಾಡುವವರ ಹತ್ರ ಹೆಲ್ಪರ್ ಆಗಿದ್ದಾನೆ, ಎಂಜಿನ್ ಮೇಲೆ ಅಂಗೈ ಇಟ್ಟು ಎಲ್ಲಿ ಪ್ರಾಬ್ಲಮ್ ಅಂತ ತೋರಿಸ್ತಾನೆ. ಈಗ ಸ್ವಂತ ವರ್ಕ್‌ಶಾಪ್ ಹಾಕ್ಬೇಕು ಅಂತ ಆಸೆ. ಮೊನ್ನೆ ಒಬ್ಬರು ಫೋನ್ ಮಾಡಿ ಅಂಗವಿಕಲರಿಗೆ ಸೆಂಟ್ರಲ್ ಗವರ್ನಮೆಂಟಿಂದ 5 ಲಕ್ಷ ಫ್ರೀ ಗ್ರಾಂಟ್ ಇದೆ, ಫೈಲ್ ಚಾರ್ಜ್ 6,500 ಹಾಕಿ ಅಂದ್ರು. ಹಾಕಬಹುದಾ? ಮತ್ತೆ ನಮ್ಮ ಸುತ್ತಮುತ್ತ 8-9 ಜನ ಅಂಗವಿಕಲರಿದ್ದೇವೆ, ಸಂಘ ಮಾಡಿದ್ರೆ ಗ್ರಾಂಟ್ ಸಿಗತ್ತಾ?

ಉತ್ತರ:

ಮೊದಲು ಆ 6,500 ಹಾಕ್ಬೇಡಿ. ಈಗಾಗಲೇ ಹಾಕಿದ್ರೆ ಇವತ್ತೇ 1930 ನಂಬರಿಗೆ ಫೋನ್ ಮಾಡಿ ಕಂಪ್ಲೇಂಟ್ ಕೊಡಿ, ಬೇಗ ಹೇಳಿದಷ್ಟೂ ದುಡ್ಡು ಬ್ಲಾಕ್ ಆಗುವ ಚಾನ್ಸ್ ಜಾಸ್ತಿ. ಯಾವ ಸರ್ಕಾರಿ ಸ್ಕೀಮಿಗೂ ಒಬ್ಬರ ಪರ್ಸನಲ್ ಫೋನ್ ನಂಬರಿಗೆ ಫೈಲ್ ಚಾರ್ಜ್ ಹಾಕೋದು ಅನ್ನೋದು ಇಲ್ಲ. ನಮ್ಮ ಕರಾವಳಿಯಲ್ಲಿ ಇದು ಎಷ್ಟು ಜನಕ್ಕೆ ಆಗಿದೆ ಅಂದ್ರೆ, ನನ್ನ ಹತ್ರ ಬರೋ ಅಂಗವಿಕಲ ಕುಟುಂಬಗಳಲ್ಲಿ ಇಂಥ ಒಂದು ಕಥೆ ಇಲ್ಲದ ಮನೆ ಕಡಿಮೆ. ಕಷ್ಟದಲ್ಲಿ ಇರೋರನ್ನೇ ಹುಡುಕಿ ಹಿಡೀತಾರೆ, ಅದು ನನಗೆ ತುಂಬಾ ಸಂಕಟ ಆಗೋ ವಿಷಯ.

ಈಗ ನಿಜವಾದ ದುಡ್ಡಿನ ವಿಷಯಕ್ಕೆ ಬರೋಣ. ದುಡ್ಡು ಇದೆ, ಸುಳ್ಳಲ್ಲ. ಆದ್ರೆ ಅದು "ತಗೊಳ್ಳಿ 5 ಲಕ್ಷ" ಅಂತ ಕೈಗೆ ಬರಲ್ಲ. ಒಬ್ಬ ವ್ಯಕ್ತಿಗೆ ಉದ್ಯೋಗಕ್ಕೆ ಅಂತ ಸರ್ಕಾರ ಕೊಡೋ ಅನುದಾನ ಹೆಚ್ಚುಕಡಿಮೆ ಎಲ್ಲಾ ಬ್ಯಾಂಕ್ ಸಾಲದ ಬೆನ್ನಿಗೇ ಬರತ್ತೆ, ಅಂದ್ರೆ ಸಬ್ಸಿಡಿ. ಬ್ಯಾಂಕ್ ಹೂಂ ಅನ್ನದೆ ಇಲಾಖೆ ದುಡ್ಡು ಒಂದು ರೂಪಾಯಿನೂ ಹೊರಗೆ ಬರಲ್ಲ. ಹಾಗಾಗಿ "ಯಾವ ಸ್ಕೀಮ್ ಒಳ್ಳೇದು" ಅಂತ ಕೇಳೋದಕ್ಕಿಂತ "ನನ್ನ ಕೆಲಸ ಬ್ಯಾಂಕಿಗೆ ಹೇಗೆ ಕಾಣಸ್ಬೇಕು" ಅಂತ ಕೇಳೋದು ಮುಖ್ಯ, ನಿಮ್ಮ ತಮ್ಮನ ವಿಷಯದಲ್ಲಂತೂ ಇದೇ ಪೂರ್ತಿ ಆಟ.

ಅದಕ್ಕೂ ಮೊದಲು ಯುಡಿಐಡಿ ಕಾರ್ಡ್, ಅಂದ್ರೆ ಕೇಂದ್ರ ಸರ್ಕಾರ ಕೊಡೋ ಅಂಗವಿಕಲರ ಗುರುತಿನ ಚೀಟಿ. ಇಬ್ಬರದ್ದೂ ಇದೆಯಾ ಅಂತ ನೀವು ಬರೆದಿಲ್ಲ. ಹಳೇ ಪೇಪರ್ ಸರ್ಟಿಫಿಕೇಟ್ ಮಾತ್ರ ಇದ್ರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ, ಅಂಗವಿಕಲತೆ ಶೇಕಡಾ 40 ಮತ್ತು ಮೇಲೆ ಇರಬೇಕು, ಬಹುತೇಕ ಎಲ್ಲಾ ಸೌಲಭ್ಯಕ್ಕೂ ಅದೇ ಗಡಿ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು ಅಂತ ಇರ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯ್ತಿಯಲ್ಲಿ ಎಂಆರ್‌ಡಬ್ಲ್ಯು, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ, ಕಡಿಮೆ ಗೌರವಧನಕ್ಕೆ ಇಡೀ ಪಂಚಾಯ್ತಿ ಸುತ್ತೋರು. ಅವರನ್ನ ಹಿಡ್ಕೊಳ್ಳಿ, ಏಜೆಂಟನ್ನ ಅಲ್ಲ.

ಇನ್ನು ತಮ್ಮನ ವರ್ಕ್‌ಶಾಪ್. ನನ್ನ ಅಭಿಪ್ರಾಯದಲ್ಲಿ ಅವನಿಗೆ ಸರಿಹೊಂದೋದು ಪಿಎಂಇಜಿಪಿ, ಅಂದ್ರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, 2008ರಿಂದ ನಡೀತಾ ಇರೋದು. ಇದು ಅಂಗವಿಕಲರಿಗೆ ಅಂತಲೇ ಇರೋ ಸ್ಕೀಮ್ ಅಲ್ಲ, ಎಲ್ಲರಿಗೂ ಇರೋದು, ಆದ್ರೆ ಇದರಲ್ಲಿ ಅಂಗವಿಕಲರು ವಿಶೇಷ ವರ್ಗದಲ್ಲಿ ಬರ್ತಾರೆ. ಜನ ಯಾವಾಗ್ಲೂ ಅಂಗವಿಕಲರ ಇಲಾಖೆ ಬಾಗಿಲು ಮಾತ್ರ ತಟ್ಟತಾರೆ, ದೊಡ್ಡ ದುಡ್ಡು ಇರೋದು ಕೈಗಾರಿಕಾ ಇಲಾಖೆ ಬಾಗಿಲಲ್ಲಿ. ಲೆಕ್ಕ ಹೇಳ್ತೀನಿ ನೋಡಿ. ಅವನ ಪ್ರಾಜೆಕ್ಟ್ 3 ಲಕ್ಷ ಅಂತ ಇಟ್ಕೊಳ್ಳಿ: ಟೂಲ್ಸ್, ಚೈನ್ ಪುಲ್ಲಿ, ಕಂಪ್ರೆಸರ್, ವೆಲ್ಡಿಂಗ್ ಸೆಟ್, ಸ್ವಲ್ಪ ಸ್ಪೇರ್ ಪಾರ್ಟ್ಸ್. ಅಂಗವಿಕಲರಾದ್ರೆ ಸ್ವಂತ ಪಾಲು ಶೇಕಡಾ 5, ಅಂದ್ರೆ 15,000. ಪಂಚಾಯ್ತಿ ವ್ಯಾಪ್ತಿಯ ಹಳ್ಳಿಯಾದ್ರೆ ಸಬ್ಸಿಡಿ ಶೇಕಡಾ 35, ಅಂದ್ರೆ 1,05,000. ಉಳಿದ 1,80,000 ನಿಜವಾದ ಸಾಲ. ಇದೇ ಜಾಗದಲ್ಲಿ ಸಾಮಾನ್ಯ ವರ್ಗದವರಾಗಿದ್ರೆ ಸ್ವಂತ ಪಾಲು 10, ಸಬ್ಸಿಡಿ 25 ಮಾತ್ರ. ಸರ್ವಿಸ್ ಘಟಕಕ್ಕೆ 20 ಲಕ್ಷದ ವರೆಗೆ ಪ್ರಾಜೆಕ್ಟ್ ಹಾಕಬಹುದು, ತಯಾರಿಕೆಗೆ 50 ಲಕ್ಷ, ಆದಾಯದ ಮಿತಿ ಇಲ್ಲ, ಸರ್ವಿಸ್‌ನಲ್ಲಿ 5 ಲಕ್ಷದ ಒಳಗೆ ಇದ್ರೆ ಎಂಟನೇ ಕ್ಲಾಸ್ ಪಾಸ್ ಅನ್ನೋ ಷರತ್ತೂ ಇಲ್ಲ. ತಮ್ಮ ಎಷ್ಟು ಓದಿದಾನೆ ಅಂತ ಚಿಂತೆ ಬೇಡ.

ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಮಾಡ್ಕೊಳ್ಳಿ, ಇದರಲ್ಲೇ ಜನ ಜಗಳ ಆಡ್ತಾರೆ. ಸಬ್ಸಿಡಿ 1,05,000 ನಿಮ್ಮ ಕೈಗೆ ಬರಲ್ಲ. ಬ್ಯಾಂಕ್ ಮೊದಲು ಪೂರ್ತಿ 2,85,000 ಸಾಲ ಅಂತಲೇ ಕೊಡತ್ತೆ, ಸಬ್ಸಿಡಿ ಬಂದ ಮೇಲೆ ಅದನ್ನ ನಿಮ್ಮ ಹೆಸರಲ್ಲಿ ಡೆಪಾಸಿಟ್ ಆಗಿ 3 ವರ್ಷ ಇಡತ್ತೆ. ಆ ಡೆಪಾಸಿಟ್ಟಿಗೆ ಬಡ್ಡಿ ಕೊಡಲ್ಲ, ಅಷ್ಟೇ ಮೊತ್ತದ ಸಾಲಕ್ಕೆ ಬಡ್ಡಿ ಹಾಕೋ ಹಾಗೂ ಇಲ್ಲ. 3 ವರ್ಷ ಆದ್ಮೇಲೆ ಘಟಕ ನಡೀತಾ ಇದೆಯಾ ಅಂತ ಬಂದು ನೋಡಿ ಸಾಲಕ್ಕೆ ಜಮಾ ಮಾಡ್ತಾರೆ. ಬಾಗಿಲು ಹಾಕಿದ್ರೆ ಅದು ವಾಪಸ್ ಹೋಗತ್ತೆ. ಹಾಗಾಗಿ ಪಾಸ್‌ಬುಕ್ ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿ, ಪೂರ್ತಿ ಸಾಲಕ್ಕೆ ಬಡ್ಡಿ ಹಾಕ್ತಾ ಇದ್ದಾರಾ ಅಂತ ನೋಡ್ತಾ ಇರಿ. ನಾನು ನೋಡಿದ ಒಂದು ಕೇಸಲ್ಲಿ ಕುಮಟಾ ಕಡೆಯ ಕಾಲಿಲ್ಲದ ಒಬ್ಬರಿಗೆ 14 ತಿಂಗಳು ಹಾಗೆ ಜಾಸ್ತಿ ಬಡ್ಡಿ ಕಟ್ ಆಗಿತ್ತು, ಅವರು ಕೇಳಿದ್ಮೇಲೇ ಸರಿ ಮಾಡಿದ್ದು.

ಅಡಮಾನ ಕೇಳಿದ್ರೆ ಹೆದರ್ಬೇಡಿ. 10 ಲಕ್ಷದ ವರೆಗಿನ ಸಣ್ಣ ಉದ್ಯಮದ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಇದೆ, ಅದಕ್ಕೆ ಅಂತ ಗ್ಯಾರಂಟಿ ಫಂಡ್ ಇದೆ. ಜೋರು ಮಾಡೋದು ಬೇಡ, ಗೊತ್ತಿದೆ ಅಂತ ಗೊತ್ತಾದ್ರೆ ಸಾಕು. ಅರ್ಜಿ ಆನ್‌ಲೈನ್, ಫೀಸ್ ಇಲ್ಲ, ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೂತು ಹಾಕಿಸಬಹುದು, ಈ ವರ್ಷದ ಗುರಿ ಎಷ್ಟು ಬಾಕಿ ಇದೆ ಅಂತ ಅಲ್ಲೇ ಮೊದಲು ಕೇಳಿ. ಆರ್ಥಿಕ ವರ್ಷದ ಕೊನೆಗೆ ಹೋದ್ರೆ ಟಾರ್ಗೆಟ್ ಮುಗೀತು ಅಂತಾರೆ.

ಈಗ ಬ್ಯಾಂಕಿಗೆ ಕಾಣಿಸೋ ವಿಷಯ. ಎರಡು ವರ್ಷದ ಹಿಂದೆ ಶಿರಸಿಯಲ್ಲಿ ಒಬ್ಬ ಹುಡುಗಿ ಜೊತೆ ನಾನೇ ಬ್ಯಾಂಕಿಗೆ ಹೋಗಿದ್ದೆ. ಕಿವಿ ಕೇಳಲ್ಲ, ಬ್ಲೌಸ್ ಹೊಲಿಯೋದ್ರಲ್ಲಿ ಆ ಏರಿಯಾಕ್ಕೇ ಹೆಸರು. ಬ್ಯಾಂಕಿನವರು ಅರ್ಧ ಗಂಟೆ ಮಾತಾಡಿದ್ರು, ಎಲ್ಲಾ ಪ್ರಶ್ನೆನೂ ಜೊತೆಗೆ ಬಂದಿದ್ದ ಅಣ್ಣನಿಗೆ. ತಿಂಗಳಿಗೆ ಎಷ್ಟು ಹೊಲೀತಾಳೆ, ಸಾಲ ತೀರಸ್ತಾಳಾ, ಮದುವೆ ಆದ್ರೆ ಏನು ಮಾಡ್ತೀರಿ. ಅವಳು ಎದುರಿಗೇ ಕೂತಿದ್ಲು. ಅಣ್ಣನಿಗೆ ತಿಂಗಳ ಲೆಕ್ಕ ಗೊತ್ತಿಲ್ಲ, ತಡವರಿಸಿದ. ಫೈಲ್ ಪಕ್ಕಕ್ಕೆ ಹೋಯ್ತು. ಹೊರಗೆ ಬಂದ್ಮೇಲೆ ಅವಳು ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದ್ಲು, ಒಂದೂವರೆ ವರ್ಷದ ಪ್ರತಿ ಬ್ಲೌಸೂ ಬರೆದಿತ್ತು, ಹೆಸರು, ತಾರೀಕು, ಲೈನಿಂಗ್ ಇದೆಯಾ ಇಲ್ವಾ, ಎಷ್ಟು ಬಂತು, ಮೂಲೆಯಲ್ಲಿ ಬಟ್ಟೆಯ ಒಂದು ಚೂರು ಪಿನ್ ಮಾಡಿ. ನನಗೆ ಕಣ್ಣಲ್ಲಿ ನೀರು ಬಂತು. ಮಾರನೇ ವಾರ ಮತ್ತೆ ಹೋದ್ವಿ, ಈ ಸಲ ನೋಟ್‌ಬುಕ್ ಮೇಜಿನ ಮೇಲೆ ಮೊದಲೇ ಇಟ್ವಿ, ಅಣ್ಣ ಹೊರಗೆ ಕೂತ, ಪ್ರಶ್ನೆ ಚೀಟಿಯಲ್ಲಿ ಬರೆದು ಕೊಡಿ ಅಂತ ನಾನು ಕೇಳ್ಕೊಂಡೆ. ಅವಳು ಬರೆದು ಉತ್ತರ ಕೊಟ್ಲು. ಸಾಲ ಆಯ್ತು.

ನಿಮ್ಮ ತಮ್ಮನಿಗೂ ಬರೋ ಮೊದಲ ಪ್ರಶ್ನೆ ನನಗೆ ಈಗಲೇ ಗೊತ್ತು, ಕಿವಿ ಕೇಳದೆ ಎಂಜಿನ್ ರಿಪೇರಿ ಹೇಗೆ ಮಾಡ್ತಾನೆ. ಉತ್ತರ ನೀವೇ ಬರೆದಿದ್ದೀರಿ, ಅಂಗೈ ಇಟ್ಟು. ಅದನ್ನ ವಿಡಿಯೋ ಮಾಡಿ. ಓಡ್ತಾ ಇರೋ ಡೀಸೆಲ್ ಎಂಜಿನ್, ಅವನ ಕೈ, ಅವನು ಬೆರಳು ತೋರಿಸಿದ ಇಂಜೆಕ್ಟರ್ ಬಿಚ್ಚಿ ತೆಗೆದಾಗ ಅದು ಹಾಳಾಗಿರೋದು, ಎರಡು ನಿಮಿಷ ಸಾಕು. ಜೊತೆಗೆ ಬೋಟ್ ಮಾಲೀಕರು ನಾಲ್ಕು ಜನರ ಕಡೆಯಿಂದ ಒಂದೊಂದು ಪತ್ರ, ಇವನ ಕೈಯಲ್ಲಿ ಕೆಲಸ ಮಾಡಿಸ್ತೀವಿ, ಮುಂದೆಯೂ ಕೊಡ್ತೀವಿ ಅಂತ, ಬೋಟಿನ ರಿಜಿಸ್ಟ್ರೇಶನ್ ನಂಬರ್ ಹಾಕಿ ಸಹಿ. ಪ್ರಾಜೆಕ್ಟ್ ರಿಪೋರ್ಟ್ ಅಂತ ಟೈಪ್ ಮಾಡೋರ ಹತ್ರ ಸಿಗೋ ಕಾಪಿ ಪೇಸ್ಟ್ 20 ಪೇಜಿಗಿಂತ ಈ ನಾಲ್ಕು ಪತ್ರಕ್ಕೆ ತೂಕ ಜಾಸ್ತಿ.

ಇನ್ನೊಂದು, ನಮ್ಮ ಕಡಲಿನ ಕ್ಯಾಲೆಂಡರ್ ಬ್ಯಾಂಕಿನವರಿಗೆ ಗೊತ್ತಿರ್ಬೇಕು ಅಂತೇನಿಲ್ಲ, ಹೊರಗಿಂದ ಟ್ರಾನ್ಸ್‌ಫರ್ ಆಗಿ ಬಂದೋರೇ ಜಾಸ್ತಿ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಬೋಟ್ ನಿಷೇಧ. ಮೀನುಗಾರರಿಗೆ ಅದು ಖಾಲಿ ಕಾಲ, ನಿಮ್ಮ ತಮ್ಮನಿಗೆ ತುಂಬಿದ ಕಾಲ, ಎಲ್ಲಾ ಬೋಟೂ ದಡಕ್ಕೆ ಬಂದು ಎಂಜಿನ್ ಬಿಚ್ಚೋದು ಆಗಲೇ. ಆದ್ರೆ ಮಾಲೀಕರ ಕೈಯಲ್ಲಿ ಆಗ ದುಡ್ಡು ಇರಲ್ಲ, ಆಗಸ್ಟ್‌ನಲ್ಲಿ ಮೀನು ಬಿದ್ದ ಮೇಲೇ ಕೊಡ್ತಾರೆ. ಇದನ್ನ ರಿಪೋರ್ಟಲ್ಲಿ ಬರೀರಿ, ಮೊದಲ ಕಂತು ಯಾವ ತಿಂಗಳಿಂದ ಶುರು ಅಂತ ಮಾತಾಡ್ಕೊಳ್ಳಿ, ಸ್ಪೇರ್ ಪಾರ್ಟ್ಸಿಗೆ ಸ್ವಲ್ಪ ವರ್ಕಿಂಗ್ ಕ್ಯಾಪಿಟಲ್ ಪ್ರಾಜೆಕ್ಟಲ್ಲೇ ಸೇರಿಸಿ. ಇಲ್ದಿದ್ರೆ ಕೈತುಂಬ ಕೆಲಸ ಇದ್ದೂ ಜುಲೈ ಕಂತು ತಪ್ಪತ್ತೆ. ನನ್ನ ಪ್ರಕಾರ ಈಗಿಂದಲೇ ಓಡಾಡಿ ಏಪ್ರಿಲ್ ಒಳಗೆ ಶೆಡ್ ರೆಡಿ ಇರ್ಬೇಕು.

ಟ್ರೈನಿಂಗ್ ಬಗ್ಗೆ. ಕುಮಟಾದಲ್ಲಿ ಕೆನರಾ ಬ್ಯಾಂಕಿನ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ಇದೆ, ಹಳಿಯಾಳದಲ್ಲಿ ದೇಶಪಾಂಡೆ ಆರ್‌ಸೆಟಿ ಇದೆ. ಊಟ ವಸತಿ ಸಮೇತ ಎಲ್ಲಾ ಉಚಿತ, ಟ್ರೈನಿಂಗ್ ಮುಗಿದ ಮೇಲೂ ಎರಡು ವರ್ಷ ಫಾಲೋಅಪ್ ಮಾಡ್ತಾರೆ. ತಮ್ಮನಿಗೆ ಎಂಜಿನ್ ಕಲಿಸೋ ಅಗತ್ಯ ಇಲ್ಲ, ಅವನಿಗೆ ಬೇಕಾಗಿರೋದು ಲೆಕ್ಕ ಬರೆಯೋದು, ರೇಟ್ ಹಾಕೋದು, ಉದ್ರಿ ವಸೂಲಿ, ಬ್ಯಾಂಕ್ ವ್ಯವಹಾರ, ಅಂದ್ರೆ ಇಡಿಪಿ (ಉದ್ಯಮ ನಡೆಸೋ ತರಬೇತಿ) ಅಂತಾರಲ್ಲ ಅದು, ಪಿಎಂಇಜಿಪಿಗೂ ಬೇಕಾಗತ್ತೆ. ಕಲಿತ ಕೆಲಸಕ್ಕೆ ಸರ್ಟಿಫಿಕೇಟ್ ಇಲ್ಲ ಅನ್ನೋ ಕೊರಗಿಗೆ ಆರ್‌ಪಿಎಲ್ ಅಂತ ಇದೆ, ಅನುಭವದಿಂದ ಕಲಿತದ್ದನ್ನ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋದು, ಅದನ್ನೂ ವಿಚಾರಿಸಿ.

"ಕಿವಿ ಕೇಳದವರಿಗೆ ನಮ್ಮಲ್ಲಿ ಬ್ಯಾಚ್ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ಸುಮ್ಮನೆ ವಾಪಸ್ ಬರ್ಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 19ನೇ ಕಲಂ ಹೇಳೋದೇ ಇದು, ಎಲ್ಲರಿಗೂ ಇರೋ ಮಾಮೂಲಿ ತರಬೇತಿಗಳಲ್ಲೇ ಅಂಗವಿಕಲರನ್ನ ಸೇರಿಸ್ಕೊಬೇಕು, ಬೇಕಾದ ಸಹಾಯ ಕೊಡಬೇಕು ಅಂತ. ಆದ್ರೆ ಇಲ್ಲಿ ಒಂದು ಸೂಕ್ಷ್ಮ ಇದೆ, ಹೊರಗಿನವರಿಗೆ ಗೊತ್ತಾಗಲ್ಲ. ಸಂಜ್ಞಾ ಭಾಷೆ ಇಂಟರ್ಪ್ರಿಟರ್ ಕರೆಸಿದ್ರೂ ನಿಮ್ಮ ತಮ್ಮನಿಗೆ ಅರ್ಥ ಆಗ್ದೇ ಇರಬಹುದು, ಯಾಕಂದ್ರೆ ಕಿವುಡು ಮಕ್ಕಳ ಶಾಲೆಗೆ ಹೋಗದ ನಮ್ಮ ಹಳ್ಳಿ ಹುಡುಗರಿಗೆ ಬರೋದು ಮನೇಲಿ ಬೆಳೆದ ಸನ್ನೆ, ಇಂಡಿಯನ್ ಸೈನ್ ಲ್ಯಾಂಗ್ವೇಜ್ ಅಲ್ಲ. ಅಮ್ಮನಿಗೆ ಒಂದು ಸನ್ನೆ, ಅಕ್ಕನಿಗೆ ಒಂದು. ಅವನಿಗೆ ಯಾವುದು ಬರತ್ತೆ ಅಂತ ಮೊದಲು ನೀವು ಗಮನಿಸಿ. ಮನೆ ಸನ್ನೆ ಮಾತ್ರ ಅಂದ್ರೆ ಕ್ಲಾಸಲ್ಲಿ ನೀವೇ ಜೊತೆಗೆ ಕೂರೋದಕ್ಕೆ ಅನುಮತಿ ಕೇಳಿ, ಆ ನೆಪದಲ್ಲಿ ನಿಮಗೂ ಲೆಕ್ಕ ಬರತ್ತೆ. ನಿಧಾನಕ್ಕೆ ಅವನು ಸೈನ್ ಲ್ಯಾಂಗ್ವೇಜೂ ಕಲೀಲಿ, ದೆಹಲಿಯ ಐಎಸ್‌ಎಲ್‌ಆರ್‌ಟಿಸಿ ಅನ್ನೋ ಸರ್ಕಾರಿ ಸಂಜ್ಞಾ ಭಾಷೆ ಕೇಂದ್ರ 10,000 ಪದದ ವಿಡಿಯೋ ಡಿಕ್ಷನರಿ ಮಾಡಿದೆ, ಫೋನಲ್ಲೇ ನೋಡಬಹುದು. ಬೆಂಗಳೂರಿನ ಸಮರ್ಥನಂ, ಎನೇಬಲ್ ಇಂಡಿಯಾ, ಎಪಿಡಿ ಸಂಸ್ಥೆಗಳು ಇವರೆಲ್ಲಾ ಅಂಗವಿಕಲರ ಉದ್ಯೋಗ ತರಬೇತಿಯಲ್ಲಿ ಹಳಬರು, ಎಪಿಡಿ ಅಂತೂ 1959ರಿಂದ ಇದೆ. ಆದ್ರೆ ಕೆಲಸ ಕೈಯಲ್ಲಿರೋ ಹುಡುಗನನ್ನ ಕಡಲು ಬಿಡಿಸಿ ಬೆಂಗಳೂರಿಗೆ ಕಳಿಸೋದು ನನಗೆ ಸರಿ ಅನ್ಸಲ್ಲ.

ನಿಮ್ಮ ಹೊಲಿಗೆಗೆ ಬೇರೆ ದಾರಿ. ಕೈಕಸುಬಿನವರಿಗೆ ಇರೋ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದೆ, ದೋಣಿ ಕಟ್ಟೋದು ಮತ್ತು ಬಲೆ ಹೆಣೆಯೋದೂ ಇದೆ, ಎಂಜಿನ್ ರಿಪೇರಿ ಇಲ್ಲ. 5ರಿಂದ 7 ದಿನ ಬೇಸಿಕ್ ಟ್ರೈನಿಂಗ್, ದಿನಕ್ಕೆ 500 ಸ್ಟೈಪೆಂಡ್, ಟೂಲ್‌ಕಿಟ್ಟಿಗೆ 15,000, ಆಮೇಲೆ ಬೇಕಾದ್ರೆ ಶೇಕಡಾ 5 ಬಡ್ಡಿಗೆ ಮೊದಲ ಸಲ 1 ಲಕ್ಷ ಸಾಲ. ಈ ಟೂಲ್‌ಕಿಟ್ ದುಡ್ಡು ಮಾತ್ರ ಸಾಲ ಇಲ್ಲದೆ ಬರೋ ನಿಜವಾದ ಅನುದಾನ ಅನ್ನಬಹುದು. ಹೆಂಗಸರಿಗೆ ಉದ್ಯೋಗಿನಿ ಅಂತ ಮಹಿಳಾ ಅಭಿವೃದ್ಧಿ ನಿಗಮದ್ದಿದೆ, 3 ಲಕ್ಷದ ವರೆಗೆ ಸಾಲ, ಸಾಮಾನ್ಯ ಮತ್ತು ವಿಶೇಷ ವರ್ಗಕ್ಕೆ ಶೇಕಡಾ 30 ಅಥವಾ 90,000 ಸಬ್ಸಿಡಿ, ಅಂಗವಿಕಲ ಮಹಿಳೆಯರಿಗೆ ಆದಾಯ ಮಿತಿ ಇಲ್ಲ, ಅರ್ಜಿ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಲ್ಲಿ. ವಿಕಲಚೇತನರ ಇಲಾಖೆಯ ಆಧಾರ ಯೋಜನೆ ಇನ್ನೊಂದು, 1 ಲಕ್ಷದ ಸಣ್ಣ ಉದ್ಯೋಗಕ್ಕೆ ಅರ್ಧ ಸಬ್ಸಿಡಿ, ಇಲಾಖೆ ಅರ್ಜಿ ಕರೆದಾಗ ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ಹಾಕೋದು. ಒಂದೇ ಘಟಕಕ್ಕೆ ಎರಡು ಸಬ್ಸಿಡಿ ಆಗಲ್ಲ, ತಮ್ಮನಿಗೆ ಗಡಿಬಿಡಿಯಲ್ಲಿ ಆಧಾರ ಹಾಕಿಸಿಬಿಟ್ರೆ ಆಮೇಲೆ ಪಿಎಂಇಜಿಪಿ ಬಾಗಿಲು ಮುಚ್ಚತ್ತೆ. ಅದಕ್ಕೇ ಯಾವುದು ಮೊದಲು ಅನ್ನೋದು ಯೋಚನೆ ಮಾಡಿ ಹಾಕ್ಬೇಕು.

ಮತ್ತೆ ಒಂದು ಸಣ್ಣ ಮಾತು. ನೀವು ಬಲಗಾಲು ಸೋತಿದೆ ಅಂದ್ರಿ, ಪೆಡಲ್ ಒಂದೇ ಕಾಲಲ್ಲಿ ತುಳೀತಾ ಇದ್ದೀರಾ? ಹಾಗಿದ್ರೆ ಲೋನ್ ಗೀನ್ ಎಲ್ಲಾ ಆಮೇಲೆ, ಮೊದಲು ಮೆಷಿನ್ನಿಗೆ ಮೋಟಾರ್ ಹಾಕಿಸಿ, ಒತ್ತೋ ಪೆಡಲನ್ನ ಎಡಗಾಲ ಕಡೆಗೆ ಇಡಿಸ್ಕೊಳ್ಳಿ, ಮೊಣಕಾಲಿಂದ ಒತ್ತೋ ಹಾಗೂ ಮಾಡ್ಕೊಡ್ತಾರೆ. ಸೊಂಟ ಉಳಿಯತ್ತೆ. ಈ ಖರ್ಚನ್ನ ಪಂಚಾಯ್ತಿಯ ಶೇಕಡಾ 5ರ ಅಂಗವಿಕಲರ ಅನುದಾನದಲ್ಲಿ ಕೇಳಿ ಪಡೆಯಬಹುದು, ಬಹಳ ಪಂಚಾಯ್ತಿಗಳಲ್ಲಿ ಆ ದುಡ್ಡು ವರ್ಷದ ಕೊನೇಲಿ ಏನಾದ್ರೂ ಹಂಚಿ ಮುಗಿಸ್ತಾರೆ, ಮೊದಲೇ ಬರೆದು ಕೊಟ್ಟೋರು ಇದ್ರೆ ಕೆಲಸಕ್ಕೆ ಬರೋದಕ್ಕೆ ಖರ್ಚಾಗತ್ತೆ. ಗ್ರಾಮಸಭೆಯಲ್ಲಿ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ.

ಸಂಘದ ವಿಷಯ. ಗ್ರಾಂಟಿಗೋಸ್ಕರ ಟ್ರಸ್ಟ್ ರಿಜಿಸ್ಟರ್ ಮಾಡ್ಬೇಡಿ ಅಂತ ಕೈಮುಗಿದು ಹೇಳ್ತೀನಿ. ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆಯ ಅನುದಾನ ಸಂಸ್ಥೆಗಳಿಗೆ ಸಿಗತ್ತೆ ನಿಜ, ಆದ್ರೆ ರಿಜಿಸ್ಟರ್ ಆಗಿ ಕನಿಷ್ಠ ಎರಡು ವರ್ಷ ಕೆಲಸ ಮಾಡಿರ್ಬೇಕು. ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡೋ ಸಿಎಸ್‌ಆರ್ ದುಡ್ಡಿಗೆ ಹೊರಗಿನ ಸಂಸ್ಥೆಯಾದ್ರೆ ಮೂರು ವರ್ಷದ ಅನುಭವ, ಆದಾಯ ತೆರಿಗೆಯ 12ಎ, 80ಜಿ, ಮತ್ತೆ ಸಿಎಸ್‌ಆರ್-1 ನೋಂದಣಿ ಎಲ್ಲಾ ಬೇಕು. ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಅಂಗವಿಕಲರ ಉದ್ಯೋಗ ಕೌಶಲ ಅಂತ ಹೆಸರಿಟ್ಟೇ ಬರೆದಿದೆ, ನಮ್ಮ ಜಿಲ್ಲೆಯಲ್ಲಿ ಕೈಗಾದಿಂದ ಹಿಡಿದು ದಾಂಡೇಲಿ ತನಕ ದೊಡ್ಡ ಉದ್ಯಮಗಳೂ ಇದಾವೆ, ಆದ್ರೆ ನಿನ್ನೆ ಹುಟ್ಟಿದ ಸಂಘ ಹೋಗಿ ಕೇಳಿದ್ರೆ ಫೈಲ್ ಮುಂದೆ ಹೋಗಲ್ಲ. ಆಡಿಟ್, ರಿಟರ್ನ್ಸ್ ಅಂತ ವರ್ಷಾ ವರ್ಷಾ ಖರ್ಚು ಮಾತ್ರ ನಿಮ್ಮ ತಲೆ ಮೇಲೆ.

ಅದರ ಬದಲು ಸ್ವಸಹಾಯ ಸಂಘ ಮಾಡಿ. ಸಂಜೀವಿನಿ ಅನ್ನೋ ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆಯಲ್ಲಿ ಮಾಮೂಲಿ ಸಂಘಕ್ಕೆ 10 ಜನ ಬೇಕು, ಅಂಗವಿಕಲರ ಸಂಘಕ್ಕೆ 5 ಜನ ಸಾಕು, ಗಂಡಸರೂ ಇರಬಹುದು. ನೀವು 8-9 ಜನ ಇದ್ದೀರಿ. ವಾರಕ್ಕೆ 20 ರೂಪಾಯಿ ಉಳಿತಾಯ, ಮೀಟಿಂಗ್, ಬುಕ್ ಸರಿಯಾಗಿ ಆರು ತಿಂಗಳು ನಡೆದ್ರೆ ಸುತ್ತುನಿಧಿ (ಸಂಘದೊಳಗೆ ಸಾಲವಾಗಿ ಓಡಾಡೋ ಸರ್ಕಾರದ ದುಡ್ಡು) ಕೇಳೋ ಹಕ್ಕು ಬರತ್ತೆ, ಬ್ಯಾಂಕ್ ಲಿಂಕೇಜ್, ಅಂದ್ರೆ ಸಂಘಕ್ಕೆ ಬ್ಯಾಂಕ್ ಸಾಲ ಬರತ್ತೆ. ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ, ಒಬ್ಬೊಬ್ಬರೇ ಕಾರವಾರಕ್ಕೆ ಬಸ್ ಹತ್ತಿ ಹೋಗಿ ಆಫೀಸಲ್ಲಿ ಮೆಟ್ಟಿಲ ಕೆಳಗೆ ಕಾಯೋದಕ್ಕೂ, ಎಂಟು ಜನರ ಪರವಾಗಿ ಒಂದು ಠರಾವು ಹಿಡ್ಕೊಂಡು ಹೋಗೋದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲು ಹೇಳಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಂನಲ್ಲಿ ಬಡತನ ನಿರ್ಮೂಲನಾ ಯೋಜನೆಗಳಲ್ಲಿ ಶೇಕಡಾ 5 ಮೀಸಲು, ಉದ್ಯೋಗಕ್ಕೆ ಅಂತ ರಿಯಾಯ್ತಿ ದರದಲ್ಲಿ ಜಾಗ ಕೊಡುವಾಗಲೂ ಶೇಕಡಾ 5 ಮೀಸಲು ಅಂತ ಇದೆ. ಬಂದರಿನ ಹತ್ರ ತಮ್ಮನ ಶೆಡ್ಡಿಗೆ ಜಾಗ ಕೇಳೋದು ಈ ಕಲಂ ಹೆಸರಲ್ಲೇ.

ಬ್ಯಾಂಕ್ ಸಾಲ ಕೊಡಲ್ಲ ಅಂದ್ರೆ ಬಾಯಿ ಮಾತಿಗೆ ವಾಪಸ್ ಬರ್ಬೇಡಿ, ಕಾರಣ ಬರೆದು ಕೊಡಿ ಅಂತ ಕೇಳಿ. ಆ ಪೇಪರ್ ಹಿಡ್ಕೊಂಡು ಕಾರವಾರದಲ್ಲಿ ಲೀಡ್ ಬ್ಯಾಂಕ್ ಮ್ಯಾನೇಜರ್ (ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸೋ ಅಧಿಕಾರಿ) ಹತ್ರ ಹೋಗಿ, ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನ ಉತ್ತರ ಬರಲಿಲ್ಲ ಅಂದ್ರೆ ಬ್ಯಾಂಕಿನ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ಹಾಕಬಹುದು, ಕಿವಿ ಕೇಳಲ್ಲ ಅನ್ನೋದೇ ಕಾರಣ ಅಂತ ಕಂಡ್ರೆ ಬೆಂಗಳೂರಿನ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೀರಿ, ಅಂಚೆಯಲ್ಲಿ ಕಳಿಸಿದ್ರೂ ಸಾಕು.

ಈ ವಾರ ಮಾಡೋ ಕೆಲಸ ಇಷ್ಟು: ಇಬ್ಬರ ಯುಡಿಐಡಿ ನೋಡಿ, ತಮ್ಮನ ಹೆಸರಲ್ಲಿ ಬ್ಯಾಂಕ್ ಅಕೌಂಟ್ ಇದೆಯಾ, ಅದರಲ್ಲಿ ಅವನ ಕೂಲಿ ಜಮಾ ಆಗ್ತಾ ಇದೆಯಾ ನೋಡಿ. ಕೈಗೆ ಕ್ಯಾಶ್ ತಗೊಳ್ತಾ ಇದ್ರೆ ಇವತ್ತಿಂದ ಅಕೌಂಟಿಗೆ ಹಾಕಿಸಿ, ಆರು ತಿಂಗಳ ಸ್ಟೇಟ್‌ಮೆಂಟ್ ಅವನ ಪರವಾಗಿ ಮಾತಾಡತ್ತೆ. ಟೂಲ್ಸ್ ಅಂಗಡಿಯಿಂದ ಜಿಎಸ್‌ಟಿ ನಂಬರ್ ಇರೋ ಕೊಟೇಶನ್ ಎರಡು ಕಡೆಯಿಂದ ತಗೊಳ್ಳಿ, ಏನೇನು ಬೇಕು ಅಂತ ಪಟ್ಟಿ ಮಾಡೋದು ನೀವಲ್ಲ, ಅವನೇ ಅಂಗಡಿಗೆ ಬಂದು ಕೈ ಹಾಕಿ ತೋರಿಸ್ಲಿ. ಕೊಟೇಶನ್ ಬಂದ್ಮೇಲೆ ಫೋಟೋ ತೆಗೆದು ನನಗೆ ಕಳಿಸಿ, ಬ್ಯಾಂಕಿಗೆ ಹೋಗೋ ಮುಂಚೆ ಒಂದ್ಸಲ ಕೂತು ಲೆಕ್ಕ ಹಾಕೋಣ.